ಕೊಟ್ಟವರಿಗೆ ಏನು ಸಿಗುತ್ತದೆ?

ಪ್ರಶ್ನೆ: ನಾನೂ ನನ್ನ ಗಂಡನೂ ಮೂರು ವರ್ಷದಿಂದ ತಪ್ಪದೆ ಚರ್ಚಿಗೆ ದಶಮಾಂಶ, ಅಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲು, ಕೊಡುತ್ತಿದ್ದೇವೆ. ಕೊಟ್ಟರೆ ನೂರು ಪಟ್ಟು ಬರುತ್ತದೆ ಎಂದು ಸಭೆಯಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಆದರೆ ಮನೆಯ ಸಾಲ ಹಾಗೇ ಇದೆ. ಕಳೆದ ವರ್ಷ ಕಾಣಿಕೆ ಕೊಡಲಿಕ್ಕೆಂದೇ ಕೈಸಾಲವನ್ನೂ ಮಾಡಿದೆವು. "ಇಷ್ಟು ಕೊಟ್ಟು ನಮಗೇನು ಸಿಕ್ಕಿತು?" ಎಂದು ಗಂಡ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಹಾಗೆ ಕೇಳುವುದೇ ಪಾಪ ಅನ್ನಿಸಿ ಭಯವೂ ಆಗುತ್ತದೆ. ಕೊಡುವವರಿಗೆ ನಿಜವಾಗಿ ಏನಾದರೂ ಪ್ರಯೋಜನ ಇದೆಯಾ?

ಉತ್ತರ: ಸಹೋದರಿ, ಮೊದಲು ಆ ಭಯವನ್ನು ಬಿಡಿ. ನಿಮ್ಮ ಗಂಡ ಕೇಳಿದ್ದು ಪಾಪದ ಪ್ರಶ್ನೆಯೇನಲ್ಲ. ಬೆಟ್ಟದ ಪ್ರಸಂಗದಲ್ಲಿ ಯೇಸು ದಾನದ ಬಗ್ಗೆ ಮಾತಾಡುವಾಗ ಪ್ರತಿಫಲದ ವಿಷಯವನ್ನು ತಾನಾಗಿಯೇ ತೆಗೆಯುತ್ತಾನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ, ಗುಟ್ಟಾಗಿ ನೋಡುವ ನಿನ್ನ ತಂದೆ ನಿನಗೆ ಫಲ ಕೊಡುವನು ಎನ್ನುತ್ತಾನೆ (ಮತ್ತಾಯ 6). ಜನರ ಬಾಯಲ್ಲಿ ಹೊಗಳಿಸಿಕೊಳ್ಳಲು ಕೊಡಬೇಡಿ ಎಂದ ಅಷ್ಟೆ. ಫಲವನ್ನೇ ಬಯಸಬೇಡಿ ಎಂದು ಅವನು ಎಲ್ಲೂ ಹೇಳಲಿಲ್ಲ. ಮೊದಲ ಸಭೆಗಳಿಗೆ ಪತ್ರಗಳನ್ನು ಬರೆದ ಅಪೊಸ್ತಲ ಪೌಲ ಕೂಡ ಹಾಗೆಯೇ. ನನಗಿರುವುದನ್ನೆಲ್ಲ ಹಂಚಿಬಿಟ್ಟರೂ ಪ್ರೀತಿ ಇಲ್ಲದಿದ್ದರೆ ನನಗೆ ಏನೂ ಪ್ರಯೋಜನವಿಲ್ಲ ಎಂದು ಬರೆಯುತ್ತಾನೆ (1 ಕೊರಿಂಥ 13:3). ಪ್ರೀತಿ ಇದ್ದು ಕೊಟ್ಟರೆ ಪ್ರಯೋಜನ ಉಂಟು ಎಂಬುದು ಆ ಮಾತಿನ ಒಳಗೇ ಇದೆ, ಅಲ್ವಾ?

ಹಾಗಾಗಿ ಪ್ರಯೋಜನ ಇದೆ. ಅದನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ನಿಮಗೆ ಹೇಳಿಕೊಟ್ಟ ಪ್ರಯೋಜನ ಬೇರೆ, ಬೈಬಲ್ ಹೇಳುವ ಪ್ರಯೋಜನ ಬೇರೆ. ಮೂರು ವರ್ಷ ನೀವು ಕಾದದ್ದು ಯಾರೂ ಮಾತು ಕೊಡದೇ ಇದ್ದ ಒಂದು ವಿಷಯಕ್ಕಾಗಿ. ಇದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ. ಆದರೂ ಇದನ್ನು ಸರಿಮಾಡಿಕೊಳ್ಳದೆ ಮುಂದೆ ಹೋಗಲು ಆಗುವುದಿಲ್ಲ.

ನೂರು ಪಟ್ಟಿನ ಮಾತು ಎಲ್ಲಿಂದ ಬಂತು ನೋಡಿ. ಮಾರ್ಕ 10ರಲ್ಲಿ ಶಿಷ್ಯನಾದ ಪೇತ್ರ "ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವಲ್ಲಾ" ಎನ್ನುತ್ತಾನೆ. ನನ್ನ ನಿಮಿತ್ತ ಮನೆ, ಅಣ್ಣತಮ್ಮ, ಅಕ್ಕತಂಗಿ, ತಾಯಿ, ತಂದೆ, ಮಕ್ಕಳು, ಹೊಲ ಬಿಟ್ಟವನಿಗೆ ಈಗಲೇ ಇವೆಲ್ಲ ನೂರರಷ್ಟು ಸಿಗುತ್ತವೆ ಎಂದು ಯೇಸು ಉತ್ತರಿಸುತ್ತಾನೆ. ಅದರ ಜೊತೆಗೇ "ಹಿಂಸೆಗಳೂ" ಎಂದು ಸೇರಿಸುತ್ತಾನೆ. ಆ ಪಟ್ಟಿಯಲ್ಲಿ ಹಣದ ಹೆಸರಿಲ್ಲ. ತಾಯಂದಿರು ನೂರರಷ್ಟು ಎಂದರೆ ಏನರ್ಥ? ಒಂದು ಮನೆ ಬಿಟ್ಟು ಬಂದವರಿಗೆ ವಿಶ್ವಾಸಿಗಳ ಮನೆಗಳೆಲ್ಲ ತೆರೆದವು. ಒಬ್ಬ ತಾಯಿಯನ್ನು ಬಿಟ್ಟು ಹೊರಟವರಿಗೆ ಊರೂರಲ್ಲಿ ತಾಯಂದಿರು ಸಿಕ್ಕರು. ಇದು ಜನರು ಸಿಗುವ ವಾಗ್ದಾನ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ. ಯಾಕೆಂದರೆ ನಿಮ್ಮ ಮನೆಯ ಪರಿಸ್ಥಿತಿಗೆ ಅದೇ ತುಂಬಾ ಹತ್ತಿರದ್ದು.

"ಕೊಡಿರಿ, ನಿಮಗೂ ಕೊಡುವರು" ಎಂಬುದು ಲೂಕ 6:38. ದಯವಿಟ್ಟು ಆ ವಾಕ್ಯವನ್ನು ಒಂಟಿಯಾಗಿ ಓದಬೇಡಿ, 27ನೇ ವಚನದಿಂದ ಓದಿ. ಶತ್ರುವನ್ನು ಪ್ರೀತಿಸಿ, ಶಪಿಸುವವರನ್ನು ಆಶೀರ್ವದಿಸಿ, ತೀರ್ಪು ಮಾಡಬೇಡಿ, ಕ್ಷಮಿಸಿ ಎಂದು ಸಾಲಾಗಿ ಬರುತ್ತದೆ. ಅದರ ಕೊನೆಗೆ ಕೊಡಿರಿ ಎಂಬ ಮಾತು. ಅದೇ ಭಾಗದಲ್ಲಿ ಇನ್ನೊಂದು ಮಾತೂ ಇದೆ: ತಿರುಗಿ ಬರುತ್ತದೆ ಎಂಬ ನಿರೀಕ್ಷೆಯಿಂದ ಕೊಟ್ಟರೆ ಅದರಲ್ಲಿ ಏನು ಹೆಚ್ಚಳ, ಪಾಪಿಗಳೂ ಹಾಗೇ ಮಾಡುತ್ತಾರಲ್ಲ ಎಂದು ಯೇಸು ಕೇಳುತ್ತಾನೆ. ತಿರುಗಿ ಬರಲಿ ಎಂದು ಕೊಡಬೇಡಿ ಎನ್ನುವ ಭಾಗದಿಂದಲೇ ಒಂದು ವಾಕ್ಯ ಕಿತ್ತು, ತಿರುಗಿ ಬರುತ್ತದೆ ಕೊಡಿ ಎಂದು ಬೋಧಿಸುವುದು ಆ ಭಾಗಕ್ಕೇ ಮಾಡುವ ಅನ್ಯಾಯ.

ಮಲಾಕಿ 3:10ರ ಕಥೆಯೂ ಹೀಗೇ. ದಶಮಾಂಶವನ್ನು ಉಗ್ರಾಣಕ್ಕೆ ತನ್ನಿ, ನನ್ನ ಆಲಯದಲ್ಲಿ ಆಹಾರ ಇರಲಿ ಎನ್ನುತ್ತದೆ ಅದು. ಆಹಾರ ಅಂದರೆ ನಿಜವಾದ ಆಹಾರ, ದವಸ ಧಾನ್ಯ. ದೇವಾಲಯದ ಸೇವೆ ಮಾಡುವ ಕುಲದವರಾದ ಲೇವಿಯರಿಗೆ ಪಾಲಾಗಿ ಹೊಲ ಇರಲಿಲ್ಲ. ಜನರು ಕೊಡುವುದನ್ನು ನಿಲ್ಲಿಸಿದಾಗ ಅವರು ದೇವಾಲಯದ ಕೆಲಸ ಬಿಟ್ಟು ಹೊಲದ ಕಡೆ ಓಡಿಹೋದರು ಎಂದು ನೆಹೆಮೀಯ 13ರಲ್ಲಿ ಇದೆ. ಧರ್ಮೋಪದೇಶಕಾಂಡ 14ರ ಪ್ರಕಾರ ಪ್ರತಿ ಮೂರನೇ ವರ್ಷದ ದಶಮಾಂಶ ಲೇವಿಯರಿಗೂ ಪರದೇಶಿಗಳಿಗೂ ತಾಯಿತಂದೆ ಇಲ್ಲದ ಮಕ್ಕಳಿಗೂ ವಿಧವೆಯರಿಗೂ ಸೇರಬೇಕು, ಅವರು ಹೊಟ್ಟೆ ತುಂಬ ಉಣ್ಣಬೇಕು. ಅಂದರೆ ದಶಮಾಂಶ ಏರ್ಪಟ್ಟದ್ದೇ ಕಷ್ಟದಲ್ಲಿರುವವರ ಕೈಹಿಡಿಯಲು. ಕಷ್ಟದಲ್ಲಿರುವವರನ್ನು ಇನ್ನಷ್ಟು ಸಾಲಕ್ಕೆ ತಳ್ಳಲು ಅಲ್ಲ.

ಪೌಲ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ ಕೊರಿಂಥದವರಿಗೆ ಏನು ಬರೆದ? ಒಬ್ಬನ ಹತ್ತಿರ ಏನಿದೆಯೋ ಅದರ ಪ್ರಕಾರ ಕೊಟ್ಟರೆ ಅದು ಮೆಚ್ಚಿಗೆ. ಇಲ್ಲದ್ದನ್ನು ಕೊಡಬೇಕಾಗಿಲ್ಲ. ಬೇರೆಯವರಿಗೆ ಸುಖವಾಗಿ ನಿಮಗೆ ಕಷ್ಟವಾಗಲಿ ಎಂದು ನಾನು ಹೇಳುತ್ತಿಲ್ಲ (2 ಕೊರಿಂಥ 8:12-13). ಈ ಎರಡು ವಚನಗಳನ್ನು ನಿಮ್ಮ ಗಂಡನಿಗೆ ತೋರಿಸಿ. ಕೈಸಾಲ ಮಾಡಿ ಕಾಣಿಕೆ ಕೊಡುವುದನ್ನು ದೇವರು ನಿಮ್ಮಿಂದ ಕೇಳಲೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕೊಡುವವರಿಗೆ ಸಿಗುವುದೇನು?

ಬೈಬಲಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮತ್ತಾಯ 6:21ರ ಮಾತು. ಗಂಟು ಎಲ್ಲಿದೆಯೋ ಮನಸ್ಸೂ ಅಲ್ಲೇ ಇರುತ್ತದೆ. ನಾವು ಸಾಮಾನ್ಯವಾಗಿ ತಿಳಿದಿರುವುದು ಇದಕ್ಕೆ ಉಲ್ಟಾ. ಮನಸ್ಸು ಮೊದಲು ಬರಬೇಕು, ಹಣ ಆಮೇಲೆ ಹೋಗುತ್ತದೆ ಎಂದುಕೊಳ್ಳುತ್ತೇವೆ. ಕನಿಕರ ಹುಟ್ಟಲಿ, ಆಮೇಲೆ ಕೊಡೋಣ ಎಂದು ಕಾಯುತ್ತೇವೆ. ಯೇಸು ಹೇಳುವ ಕ್ರಮದಲ್ಲಿ ಹಣ ಮುಂದೆ ಹೋಗುತ್ತದೆ, ಮನಸ್ಸು ಅದರ ಹಿಂದೆ ನಡೆಯುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನಗೆ ಪರಿಚಯದ ಒಬ್ಬ ಹಿರಿಯರಿದ್ದರು. ನಿವೃತ್ತರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ದೂರ. ಖಾತೆಯಲ್ಲಿ ಎಷ್ಟಿದೆ ಎಂದು ಬೆಳಿಗ್ಗೆ ಒಮ್ಮೆ ನೋಡುವರು, ಮಲಗುವ ಮುಂಚೆ ಇನ್ನೊಮ್ಮೆ ನೋಡುವರು. ಕೊರತೆ ಏನೂ ಇರಲಿಲ್ಲ. ಆದರೂ ನಾಳೆ ಏನಾಗುತ್ತದೋ ಎಂಬ ಚಿಂತೆ ಬಿಡುತ್ತಿರಲಿಲ್ಲ. ಯಾರೋ ಕೇಳಿಕೊಂಡರು ಎಂದು, ಗುರುತಿಲ್ಲದ ಒಬ್ಬ ಹುಡುಗನ ಡಯಾಲಿಸಿಸ್ ಖರ್ಚಿನ ಒಂದು ಭಾಗವನ್ನು ಅವರು ಹೊತ್ತುಕೊಂಡರು. ಮೊದಮೊದಲು ಅರೆಮನಸ್ಸಿನಿಂದಲೇ ಕೊಟ್ಟರು. ಆ ಹುಡುಗನಿಗೆ ಡಯಾಲಿಸಿಸ್ ಇದ್ದದ್ದು ಮಂಗಳವಾರ ಮತ್ತು ಶುಕ್ರವಾರ. ಕೆಲವು ತಿಂಗಳಾದ ಮೇಲೆ ಮಂಗಳವಾರ ಬಂದರೆ ಇವರ ಮಾತಿನ ವರಸೆಯೇ ಬದಲಾಗುತ್ತಿತ್ತು. "ಈಗ ಸೂಜಿ ಹಾಕಿರ್ತಾರೆ," ಎಂದು ಗಡಿಯಾರ ನೋಡಿ ಹೇಳುವರು. ಮಧ್ಯಾಹ್ನ ಫೋನ್ ಮಾಡಿ, ತಲೆ ಸುತ್ತು ಬಂತಾ, ನೀರು ಎಷ್ಟು ಕುಡಿದೆ ಎಂದು ವಿಚಾರಿಸುವರು. ಮೊದಲೆಲ್ಲ ಪ್ರಾರ್ಥನೆ ಎಂದರೆ ತಮ್ಮ ಮಂಡಿನೋವಿನ ಸುತ್ತಲೇ ಮುಗಿದುಹೋಗುತ್ತಿತ್ತು. ಈಗ ಅದರಲ್ಲಿ ಇನ್ನೊಬ್ಬರ ಹೆಸರು ಸೇರಿತು. ಖಾತೆ ನೋಡುವುದನ್ನು ಅವರು ಯಾವಾಗ ಕಡಿಮೆ ಮಾಡಿದರೋ ಅವರಿಗೇ ಗೊತ್ತಾಗಲಿಲ್ಲ. ಆ ಮನುಷ್ಯನ ಮನಸ್ಸು ಬ್ಯಾಂಕಿನಿಂದ ಹೊರಟು ಒಂದು ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಹೋಗಿ ಕೂತಿತ್ತು. ಅವರಿಗೆ ಹಣ ವಾಪಸ್ ಬರಲಿಲ್ಲ. ಆದರೆ ತಮ್ಮೊಳಗೇ ಸುತ್ತುತ್ತಿದ್ದ ಒಂದು ಬದುಕಿಗೆ ಬಾಗಿಲು ತೆರೆಯಿತು. ಇದಕ್ಕಿಂತ ದೊಡ್ಡ ಲಾಭವನ್ನು ನಾನು ಬಲ್ಲೆ ಎಂದು ಹೇಳಲಾರೆ.

ಲೂಕ 12ರಲ್ಲಿ ಯೇಸು ಹೇಳಿದ ಐಶ್ವರ್ಯವಂತನ ಸಾಮ್ಯ, ಅಂದರೆ ನೀತಿಕಥೆ, ಇದರ ಇನ್ನೊಂದು ಮುಖ. ಅವನ ಹೊಲ ಚೆನ್ನಾಗಿ ಬೆಳೆಯಿತು. ಕಣಜ ಸಾಲದು, ಕೆಡವಿ ದೊಡ್ಡದು ಕಟ್ಟುತ್ತೇನೆ ಎಂದುಕೊಂಡ. ಆ ಕಥೆಯಲ್ಲಿ ಒಂದು ಸಂಗತಿ ಗಮನಿಸಿ. ಅವನ ಜೊತೆ ಮಾತಾಡಲು ಒಬ್ಬರೂ ಇಲ್ಲ. ಹೆಂಡತಿ ಇಲ್ಲ, ಆಳು ಇಲ್ಲ, ನೆರೆಯವರಿಲ್ಲ. ಇನ್ನು ಸುಖವಾಗಿರು, ಉಣ್ಣು, ಕುಡಿ ಎಂದು ತನ್ನ ಜೀವಕ್ಕೆ ತಾನೇ ಹೇಳಿಕೊಳ್ಳುತ್ತಾನೆ. ಕೂಡಿಟ್ಟುಕೊಂಡು ಅವನು ಹೋಗಿ ಸೇರಿದ ಜಾಗ ಅದು. ದೇವರು ಬಂದು ಮಾತಾಡುವ ಹೊತ್ತಿಗೆ ಆ ರಾತ್ರಿಯೇ ಪ್ರಾಣ ಹೋಗುವುದಿತ್ತು.

ಈಗಿನ ಟರ್ಕಿಯಲ್ಲಿರುವ ಕೈಸರೈಯದ ಬಸಿಲ್ 4ನೇ ಶತಮಾನದ ಬಿಷಪ್. ಅವರು ಈ ಸಾಮ್ಯದ ಮೇಲೆ ಮಾಡಿದ ಪ್ರಸಂಗ ಇಂದಿಗೂ ಉಳಿದಿದೆ. ಸೇದುತ್ತಿರುವ ಬಾವಿಯಲ್ಲಿ ನೀರು ಚೆನ್ನಾಗಿರುತ್ತದೆ, ಸೇದದೆ ಬಿಟ್ಟರೆ ಕೆಡುತ್ತದೆ, ಹಣವೂ ಹಾಗೆ ಎಂದು ಅವರು ಹೇಳಿದರು. ನೀನು ಬಿಗಿಹಿಡಿದಿರುವ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಬಟ್ಟೆ ಮೈಮೇಲೆ ಬಟ್ಟೆ ಇಲ್ಲದವನದು ಎಂದೂ ಹೇಳಿದರು. ಬರೀ ಮಾತಾಡಿ ಸುಮ್ಮನಾಗಲಿಲ್ಲ. ಸುಮಾರು 369ರಲ್ಲಿ ಆ ಪ್ರಾಂತ್ಯಕ್ಕೆ ಭಾರೀ ಬರ ಬಂದಾಗ ಹಸಿದವರಿಗೆ ಊಟದ ಏರ್ಪಾಡು ಮಾಡಿದರು. ಆಮೇಲೆ ಪಟ್ಟಣದ ಹೊರಗೆ ಬಡವರಿಗೂ ರೋಗಿಗಳಿಗೂ ದೊಡ್ಡ ಆಶ್ರಯವನ್ನೇ ಕಟ್ಟಿಸಿದರು. ಬಾವಿಯ ಮಾತು ಕೊಡುವವನ ಒಳಗಿನ ವಿಷಯ ಎಂಬುದನ್ನು ಮರೆಯಬೇಡಿ. ಕೆಡುವುದು ಹಣವಲ್ಲ, ಅದನ್ನು ಹಿಡಿದವನು.

ಎರಡನೆಯ ಲಾಭ ಬಿಡುಗಡೆ. ಲೂಕನ ಸುವಾರ್ತೆಯಲ್ಲಿ 18 ಮತ್ತು 19ನೇ ಅಧ್ಯಾಯಗಳು ಅಕ್ಕಪಕ್ಕ ಇವೆ. ಒಂದರಲ್ಲಿ ಒಬ್ಬ ಶ್ರೀಮಂತ ಅಧಿಕಾರಿ ಬರುತ್ತಾನೆ. ಒಳ್ಳೆಯವನು, ಆಜ್ಞೆಗಳನ್ನೆಲ್ಲ ಪಾಲಿಸಿದವನು. ಇರುವುದನ್ನು ಮಾರಿ ಬಡವರಿಗೆ ಕೊಡು ಎಂದಾಗ ಅವನು ಬಹಳ ದುಃಖಪಟ್ಟ. ಅವನಿಂದ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಎಲ್ಲವೂ ಅವನ ಹತ್ತಿರವೇ ಉಳಿಯಿತು. ಆದರೂ ದುಃಖ. ಮುಂದಿನ ಅಧ್ಯಾಯದಲ್ಲಿ ಯೆರಿಕೋ ಊರಿನ ಜಕ್ಕಾಯ. ಸುಂಕದವರ ಮುಖ್ಯಸ್ಥ, ಊರಿನವರಿಗೆ ಬೇಡವಾದವನು. ಯೇಸು ಅವನ ಮನೆಗೆ ಬಂದ. ಕೊಡು ಎಂದು ಯೇಸು ಕೇಳಿದ್ದಾಗಿ ಅಲ್ಲಿ ಬರೆದಿಲ್ಲ. ಅವನಾಗಿಯೇ ಎದ್ದು ನಿಂತು, ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎನ್ನುತ್ತಾನೆ. ಅವನ ಮನೆಯಲ್ಲಿ ಅಂದು ಸಂತೋಷ. ಕೊಟ್ಟದ್ದು ಅವನಿಗೆ ತಿರುಗಿ ಬಂತು ಎಂದು ಲೂಕ ಬರೆಯುವುದಿಲ್ಲ. ಬಂದದ್ದು ಬೇರೆ. ಇವನೂ ಅಬ್ರಹಾಮನ ಮಗನೇ ಎಂದು ಯೇಸು ಎಲ್ಲರೆದುರು ಹೇಳಿದ. ಯಾರೂ ತಮ್ಮವನೆಂದು ಹೇಳಿಕೊಳ್ಳದವನಿಗೆ ತನ್ನ ಜನರ ನಡುವೆ ಜಾಗ ಸಿಕ್ಕಿತು.

ಹಣ ನಮ್ಮನ್ನು ಹಿಡಿಯುವುದು ಭಯದಿಂದ. ಇದು ಸಾಲದು, ಇನ್ನೂ ಬೇಕು, ನಾಳೆ ಏನೋ ಎಂಬ ಭಯ. ಸಂಪಾದನೆ ಜಾಸ್ತಿಯಾದರೆ ಭಯ ಕಡಿಮೆಯಾಗುತ್ತದೆ ಎಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಬೇಕು ಎನ್ನುವುದೂ ಅದರ ಜೊತೆಗೇ ಬೆಳೆಯುತ್ತದೆ. ಮೆಥೊಡಿಸ್ಟ್ ಎಂಬ ಕ್ರೈಸ್ತ ಚಳವಳಿಯ ಜಾನ್ ವೆಸ್ಲಿ (1703-1791) ತಮ್ಮ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಹೇಳುತ್ತಾರೆ. ಅದು ಅವರದೇ ಲೆಕ್ಕ ಎಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ಮೊದಲ ವರ್ಷ ಬಂದದ್ದು 30 ಪೌಂಡ್. 28ರಲ್ಲಿ ಬದುಕಿ 2 ಪೌಂಡ್ ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿದ, 32 ಕೊಟ್ಟ. ಆಮೇಲೆ 90 ಬಂದಾಗ 62, 120 ಬಂದಾಗ 92. ಕೊಟ್ಟ ಮೊತ್ತಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆ 28. ತನಗೆ ಎಷ್ಟು ಸಾಕು ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಸಾಕು ಎಂಬ ಮಾತು ಬಾಯಿಂದ ಬರುವುದು ಎಷ್ಟು ಕಷ್ಟ! ಕೈಬಿಚ್ಚಿ ಕೊಡುವ ಅಭ್ಯಾಸ ಆ ಮಾತನ್ನು ಕಲಿಸುತ್ತದೆ. ಪ್ರತಿ ಸಲ ಕೊಟ್ಟಾಗಲೂ, ಇದು ಇಲ್ಲದೆಯೂ ನಾನು ಬದುಕಬಲ್ಲೆ, ನನ್ನನ್ನು ನೋಡಿಕೊಳ್ಳುವವನು ಬೇರೆ ಇದ್ದಾನೆ ಎಂದು ನಮಗೆ ನಾವೇ ತೋರಿಸಿಕೊಡುತ್ತೇವೆ.

ಮೂರನೆಯ ಲಾಭ ಸಂತೋಷ. ಯೇಸುವಿನ ಒಂದು ಮಾತು ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ, ಪೌಲನ ಬಾಯಲ್ಲಿ ಮಾತ್ರ ಉಳಿದಿದೆ. ಎಫೆಸದ ಹಿರಿಯರಿಗೆ ವಿದಾಯ ಹೇಳುತ್ತಾ ಮಿಲೇತದಲ್ಲಿ ಅವನು ಅದನ್ನು ನೆನಪಿಸುತ್ತಾನೆ: ತೆಗೆದುಕೊಳ್ಳುವುದಕ್ಕಿಂತ ಕೊಡುವುದೇ ಹೆಚ್ಚಿನ ಭಾಗ್ಯ (ಅಪೊಸ್ತಲರ ಕೃತ್ಯಗಳು 20:35). ಕೆನಡಾದಲ್ಲಿ ನಡೆದ ಒಂದು ಸಣ್ಣ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಜನರಿಗೆ ಬೆಳಿಗ್ಗೆ ಒಂದು ಲಕೋಟೆ ಕೊಟ್ಟರು. ಕೆಲವರಿಗೆ 5 ಡಾಲರ್, ಕೆಲವರಿಗೆ 20. ಸಂಜೆ 5 ಗಂಟೆಯೊಳಗೆ ಖರ್ಚು ಮಾಡಬೇಕು. ಅರ್ಧ ಜನ ತಮಗಾಗಿ, ಇನ್ನರ್ಧ ಜನ ಬೇರೆಯವರಿಗಾಗಿ. ಸಂಜೆ ವಿಚಾರಿಸಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಸಂತೋಷವಾಗಿದ್ದರು. 5 ಆದರೇನು, 20 ಆದರೇನು, ಮೊತ್ತದಿಂದ ವ್ಯತ್ಯಾಸ ಆಗಲಿಲ್ಲ. ಇನ್ನೊಂದು ಗುಂಪಿಗೆ, ಯಾರು ಹೆಚ್ಚು ಸಂತೋಷವಾಗಿರುತ್ತಾರೆ ಹೇಳಿ ಎಂದು ಕೇಳಿದ್ದರು. 20 ಡಾಲರನ್ನು ತಮಗಾಗಿ ಖರ್ಚು ಮಾಡಿದವರು ಎಂದು ಹೆಚ್ಚಿನವರು ತಪ್ಪಾಗಿ ಊಹಿಸಿದರು. ವಾಕ್ಯಕ್ಕೆ ಪ್ರಯೋಗದ ಆಸರೆ ಬೇಕಾಗಿಲ್ಲ. ಆದರೆ ನಮ್ಮನ್ನು ಉಂಟುಮಾಡಿದವನೇ ಆ ವಾಕ್ಯವನ್ನೂ ಹೇಳಿದ್ದರೆ ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸುವುದರಲ್ಲಿ ಆಶ್ಚರ್ಯ ಏನಿದೆ?

ಹಾಗಾದರೆ ನಿಮಗೆ ಯಾಕೆ ಆ ಸಂತೋಷ ಸಿಗಲಿಲ್ಲ? ನಿಮ್ಮ ಪತ್ರ ಓದುವಾಗ ನನಗೆ ಕಂಡ ಕಾರಣ ಹೇಳುತ್ತೇನೆ. ಒಂದು, ನೀವು ಭಯದಿಂದ ಕೊಟ್ಟಿರಿ. ದುಃಖದಿಂದಾಗಲಿ ಬಲವಂತದಿಂದಾಗಲಿ ಬೇಡ, ಮನಸ್ಸಿನಲ್ಲಿ ನಿಶ್ಚಯಿಸಿದಂತೆ ಕೊಡಲಿ, ಸಂತೋಷವಾಗಿ ಕೊಡುವವನ ಮೇಲೆ ದೇವರಿಗೆ ಪ್ರೀತಿ ಎಂದು ಪೌಲ ಬರೆದ (2 ಕೊರಿಂಥ 9:7). ಇಲ್ಲಿ ಕೂಡ ಸಂಶೋಧಕರು ಕಂಡದ್ದು ಅದನ್ನೇ. ಒತ್ತಾಯಕ್ಕೆ ಮಣಿದು ಮಾಡಿದ ಸಹಾಯಕ್ಕಿಂತ ಸ್ವಂತ ಇಷ್ಟದಿಂದ ಮಾಡಿದ ಸಹಾಯವೇ ಮಾಡಿದವರಿಗೆ ನೆಮ್ಮದಿ ಕೊಡುತ್ತದೆ. ಎರಡು, ನಿಮ್ಮ ಹಣ ಯಾರ ಕೈ ಸೇರಿತು ಎಂಬುದು ನಿಮಗೆ ಕಾಣಲಿಲ್ಲ. ಪೆಟ್ಟಿಗೆಗೆ ಹಾಕಿದಿರಿ, ಆಮೇಲೆ ನಿಮಗೇ ಏನಾದರೂ ಬರುತ್ತದೆಯೇ ಎಂದು ಬಾಗಿಲು ನೋಡುತ್ತಾ ಕೂತಿರಿ. ಗಂಟು ಹೋದ ಕಡೆ ಮನಸ್ಸು ಹೋಗಬೇಕಾದರೆ ಗಂಟು ಎಲ್ಲಿ ಹೋಯಿತು ಎಂದು ತಿಳಿಯಬೇಕಲ್ಲ.

ಈಗ ಜನರ ವಿಷಯ. ಫಿಲಿಪ್ಪಿಯ ಸಭೆಯವರು ಸೆರೆಯಲ್ಲಿದ್ದ ಪೌಲನಿಗೆ ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದರು. ತಲುಪಿಸಲು ಹೋದವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬಂದ. ಅದು ಊರಿಗೆ ತಿಳಿಯಿತು, ಊರಿನವರು ಕಳವಳಪಟ್ಟರು, ಅವರು ಕಳವಳಪಟ್ಟರಲ್ಲಾ ಎಂದು ಇವನಿಗೆ ಇಲ್ಲಿ ಸಂಕಟ. ಪೌಲನಿಗೆ ಇಬ್ಬರ ಚಿಂತೆ. ಒಂದು ಕಾಣಿಕೆಯ ಸುತ್ತ ಎಷ್ಟು ಪ್ರೀತಿ ಓಡಾಡುತ್ತಿದೆ ನೋಡಿ! ನನಗೆ ಕಾಣಿಕೆ ಬೇಕೆಂದಲ್ಲ, ನಿಮ್ಮ ಲೆಕ್ಕಕ್ಕೆ ಫಲ ಸೇರಲಿ ಎಂದು ಬಯಸುತ್ತೇನೆ ಎಂದು ಪೌಲ ಅವರಿಗೆ ಬರೆದ (ಫಿಲಿಪ್ಪಿ 4:17). ಕೊಟ್ಟವರ ಲೆಕ್ಕಕ್ಕೆ ಫಲ ಸೇರುತ್ತದೆ ಎಂದು ಅವನು ಸಂಕೋಚವಿಲ್ಲದೆ ಹೇಳುತ್ತಾನೆ. ಅದರ ಹಿಂದೆಯೇ, ನನ್ನ ದೇವರು ನಿಮ್ಮ ಕೊರತೆಯನ್ನೆಲ್ಲ ನೀಗಿಸುವನು ಎಂದು ಬರುತ್ತದೆ. ಕೊರತೆಯನ್ನು ನೀಗಿಸುತ್ತಾನೆ ಎಂದ. ಆಸೆಪಟ್ಟದ್ದನ್ನೆಲ್ಲ ಕೊಡುತ್ತಾನೆ ಎನ್ನಲಿಲ್ಲ.

ಕೊರಿಂಥದವರಿಗೂ ಇದೇ ತರಹ. ಈಗ ನಿಮ್ಮ ಸಮೃದ್ಧಿ ಅವರ ಕೊರತೆಯನ್ನು ನೀಗಿಸಲಿ, ಮುಂದೆ ಅವರ ಸಮೃದ್ಧಿ ನಿಮ್ಮ ಕೊರತೆಯನ್ನು ನೀಗಿಸಬಹುದು ಎಂದು ಬರೆದ (2 ಕೊರಿಂಥ 8:14). ನೀವು ಕೊಟ್ಟವರು ನಿಮಗಾಗಿ ಹಂಬಲಿಸಿ ಪ್ರಾರ್ಥಿಸುತ್ತಾರೆ ಎಂದೂ ಸೇರಿಸಿದ (9:14). ನೂರು ಪಟ್ಟಿನ ಮಾತು ಇಲ್ಲಿ ಕೈಗೆ ಸಿಗುತ್ತದೆ. ಕೊಡುವವನು ಒಂದು ಬಳಗದ ಒಳಗೆ ಬರುತ್ತಾನೆ. ಅಲ್ಲಿ ಇವತ್ತು ಕೊಟ್ಟವನು ನಾಳೆ ತೆಗೆದುಕೊಳ್ಳಬಹುದು, ಅದರಲ್ಲಿ ನಾಚಿಕೆ ಇಲ್ಲ. ಸುಮಾರು 155ರಲ್ಲಿ ರೋಮಿನಲ್ಲಿ ಜಸ್ಟಿನ್ ಎಂಬ ವಿಶ್ವಾಸಿ ಚಕ್ರವರ್ತಿಗೆ ಬರೆದ ವಿವರಣೆಯಲ್ಲಿ ಭಾನುವಾರದ ಆರಾಧನೆಯ ಚಿತ್ರ ಇದೆ. ಅನುಕೂಲ ಇದ್ದವರು, ಮನಸ್ಸಿದ್ದವರು, ತಮಗೆ ಸರಿ ಕಂಡಷ್ಟು ಕೊಡುತ್ತಾರೆ. ಅದನ್ನು ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು, ಪರಸ್ಥಳದಿಂದ ಬಂದವರು, ಹೀಗೆ ಕೊರತೆ ಇರುವ ಎಲ್ಲರಿಗೂ ಬಳಸುತ್ತಾರೆ. 362ರ ಸುಮಾರಿಗೆ ಕ್ರೈಸ್ತರನ್ನು ಇಷ್ಟಪಡದ ರೋಮಿನ ಚಕ್ರವರ್ತಿ ಜೂಲಿಯನ್ ಕೂಡ, ಇವರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಾರೆ ಎಂದು ಬರೆಯಬೇಕಾಯಿತು.

ಇಂಥ ಬಳಗದಲ್ಲಿ ನಿಮ್ಮಂಥ ಸಾಲದ ಮನೆಯವರು ಕೊಡುವವರಷ್ಟೇ ಅಲ್ಲ, ತೆಗೆದುಕೊಳ್ಳುವವರೂ ಆಗಿರಬೇಕಿತ್ತು. ನಿಮ್ಮ ಸಭೆಯಲ್ಲಿ ಯಾರಾದರೂ ಒಮ್ಮೆಯಾದರೂ "ಮನೆ ಹೇಗೆ ನಡೀತಿದೆ?" ಎಂದು ಕೇಳಿದರಾ?

ಬರಲಿರುವ ಲೋಕದ ಫಲದ ಬಗ್ಗೆ ಒಂದೆರಡೇ ಮಾತು. ತಿರುಗಿ ಕೊಡಲಾಗದವರನ್ನು ಊಟಕ್ಕೆ ಕರೆ, ನೀತಿವಂತರು ಎದ್ದುಬರುವಾಗ ನಿನಗೆ ಸಲ್ಲುತ್ತದೆ ಎಂದು ಯೇಸು ಹೇಳಿದ (ಲೂಕ 14:14). ಅದನ್ನು ನಾನು ಹಾಗೇ ನಂಬುತ್ತೇನೆ. ಆದರೆ ತಿಮೊಥೆಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಪೌಲ, ಐಶ್ವರ್ಯವಂತರು ಧಾರಾಳವಾಗಿ ಕೊಟ್ಟು ನಿಜವಾದ ಜೀವವನ್ನು ಹಿಡಿದುಕೊಳ್ಳಲಿ ಎನ್ನುತ್ತಾನೆ. ಆ ಜೀವ ಸತ್ತ ಮೇಲೆ ಮಾತ್ರ ಶುರುವಾಗುವುದಲ್ಲ.

ಎಚ್ಚರಿಕೆಯ ಮಾತೂ ಬೇಕು. ವಿಧವೆಯ ಎರಡು ಕಾಸಿನ ಕಥೆ ನೀವು ಎಷ್ಟೋ ಸಲ ಕೇಳಿರುತ್ತೀರಿ. ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕೂತು ನೋಡುತ್ತಿದ್ದಾನೆ. ಶ್ರೀಮಂತರು ಬಹಳ ಹಾಕುತ್ತಾರೆ. ಬಡ ವಿಧವೆಯೊಬ್ಬಳು ಬಂದು ಎರಡು ಪುಟ್ಟ ತಾಮ್ರದ ಕಾಸು ಹಾಕುತ್ತಾಳೆ. ಒಂದನ್ನು ಇಟ್ಟುಕೊಳ್ಳಬಹುದಿತ್ತು, ಎರಡನ್ನೂ ಹಾಕಿದಳು. ಯಾರ ಕಣ್ಣಿಗೂ ಬೀಳದ ಅವಳನ್ನು ಯೇಸು ನೋಡಿದ, ಶಿಷ್ಯರನ್ನು ಕರೆದು ತೋರಿಸಿದ. ಅವಳ ನಂಬಿಕೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರ್ಕ 12ರಲ್ಲಿ ಈ ಕಥೆಗೆ ಮುಂಚಿನ ವಚನವನ್ನೂ ಓದಿ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ (ಯೆಹೂದಿ ಧರ್ಮಶಾಸ್ತ್ರ ಬೋಧಿಸುವವರ) ಬಗ್ಗೆ ಎಚ್ಚರಿಕೆಯಾಗಿರಿ ಎಂದು ಯೇಸು ಆಗತಾನೇ ಹೇಳಿ ಮುಗಿಸಿದ್ದ. ಕೊಟ್ಟವಳನ್ನು ಮೆಚ್ಚಿದವನೇ ಅಂಥವರಿಂದ ಕಿತ್ತುಕೊಳ್ಳುವವರನ್ನು ಖಂಡಿಸಿದ. ಈ ಎರಡನ್ನೂ ಜೊತೆಯಲ್ಲಿ ಬೋಧಿಸದಿದ್ದರೆ ಆ ವಿಧವೆಗೆ ನ್ಯಾಯ ಸಿಗುವುದಿಲ್ಲ.

ಮಾರ್ಕ 7ರಲ್ಲಿ ಇನ್ನೊಂದು ಸಂಗತಿ ಇದೆ. ತಾಯಿತಂದೆಗೆ ಸೇರಬೇಕಾದದ್ದನ್ನು ದೇವರಿಗೆ ಅರ್ಪಿಸಿಬಿಟ್ಟೆ ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸು ಗದರಿಸುತ್ತಾನೆ. ಅದೇ ನ್ಯಾಯ ಸಾಲಕ್ಕೂ ಸಲ್ಲುತ್ತದೆ. ತೀರಿಸಬೇಕಾದ ಸಾಲದ ಹಣ ನಿಮ್ಮದಲ್ಲ, ಕೊಟ್ಟವರದು. ಅದನ್ನು ಹೊತ್ತಿಗೆ ಸರಿಯಾಗಿ ತೀರಿಸುವುದೂ ದೇವರ ಮುಂದೆ ನಂಬಿಗಸ್ತಿಕೆಯೇ.

ಇನ್ನು ಏನು ಮಾಡಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಗಂಡನ ಜೊತೆ ಕೂತು ಬರುವ ಹಣ, ಮನೆ ಖರ್ಚು, ಕಂತು, ಕೈಸಾಲ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಕೈಸಾಲ ತೀರಿಸಲು ಒಂದು ಮೊತ್ತ ತೆಗೆದಿಡಿ. ಆಮೇಲೆ, ಇಬ್ಬರಿಗೂ ಮನಸ್ಸು ಒಪ್ಪುವಷ್ಟು, ಎಷ್ಟೇ ಚಿಕ್ಕದಾಗಲಿ, ಕೊಡುವುದಕ್ಕೆಂದು ಇಡಿ. ಸಂಪಾದನೆಗೆ ತಕ್ಕಂತೆ ವಾರಕ್ಕೊಮ್ಮೆ ತೆಗೆದಿಡಿ ಎಂದಷ್ಟೇ ಪೌಲ ಹೇಳಿದ್ದು (1 ಕೊರಿಂಥ 16:2), ಶೇಕಡಾ ಇಷ್ಟು ಎಂದು ಅವನ ಪತ್ರಗಳಲ್ಲಿ ಎಲ್ಲೂ ಇಲ್ಲ. ಹತ್ತರಲ್ಲಿ ಒಂದು ಒಳ್ಳೆಯ ಅಭ್ಯಾಸ, ಕೈಲಾದಾಗ ಅಲ್ಲಿಗೂ ಅದಕ್ಕಿಂತ ಮುಂದಕ್ಕೂ ಹೋಗಬಹುದು. ಈಗ ಅದಕ್ಕಿಂತ ಕಡಿಮೆ ಕೊಟ್ಟರೆ ಶಾಪ ಬರುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಆ ಚಿಕ್ಕ ಮೊತ್ತದಲ್ಲಿ ಒಂದು ಪಾಲಾದರೂ ನಿಮಗೆ ಹೆಸರು ಗೊತ್ತಿರುವ ಒಬ್ಬ ಮನುಷ್ಯನಿಗೆ ಹೋಗಲಿ. ಯಾರಿಗೆ ಎಂದು ಇಬ್ಬರೂ ಸೇರಿ ಆರಿಸಿ. ನಿಮ್ಮ ಗಂಡನೇ ಆರಿಸಿದರೆ ಇನ್ನೂ ಒಳ್ಳೆಯದು. ತಲುಪಿಸಲು ಸಾಧ್ಯವಾದರೆ ಖುದ್ದಾಗಿ ಹೋಗಿ. ಹಣ ಹೊಂದದ ತಿಂಗಳು ಆಸ್ಪತ್ರೆಯಲ್ಲಿ ಒಂದು ರಾತ್ರಿ ಜೊತೆಗಿರುವುದು, ಒಂದು ಮಗುವಿಗೆ ಪಾಠ ಹೇಳಿಕೊಡುವುದು, ವಯಸ್ಸಾದವರ ಔಷಧಿ ತಂದುಕೊಡುವುದು ಇವೂ ಕೊಡುವುದೇ.

ಸಭೆಗೆ ಕೊಡುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಆರಾಧನೆ ನಡೆಯಬೇಕು, ಸಭಾಪಾಲಕರ ಮನೆಯೂ ನಡೆಯಬೇಕು. ಆದರೆ ಕಾಣಿಕೆ ಎಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. ಪೌಲ ಯೆರೂಸಲೇಮಿನ ಹಣವನ್ನು ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ. ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಅದಕ್ಕೆ ಕಾರಣ ಕೊಟ್ಟ (2 ಕೊರಿಂಥ 8:20-21). ಅಪೊಸ್ತಲನೇ ಲೆಕ್ಕಕ್ಕೆ ಸಾಕ್ಷಿಗಳನ್ನು ಇಟ್ಟುಕೊಂಡ ಮೇಲೆ ನೀವು ಲೆಕ್ಕ ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ಕಡೆಯದಾಗಿ, ಸಾಲದ ವಿಷಯವನ್ನು ಮುಚ್ಚಿಡಬೇಡಿ. ಸಭೆಯಲ್ಲಿ ನಿಮಗೆ ನಂಬಿಕೆ ಇರುವ ಒಬ್ಬ ಹಿರಿಯರ ಹತ್ತಿರ, ಅಥವಾ ಒಂದು ಕುಟುಂಬದ ಹತ್ತಿರ, ಈ ವಾರವೇ ಹೇಳಿ. ಎಷ್ಟು ಬಾಕಿ ಇದೆ, ಯಾರಿಗೆ ಕೊಡಬೇಕು, ಯಾವ ತಿಂಗಳು ಕೈಕಟ್ಟುತ್ತದೆ ಎಂದು ಬಿಡಿಸಿ ಹೇಳಿ. ಅವರು ಸಹಾಯ ಮಾಡಲು ಮುಂದೆ ಬಂದರೆ ಬೇಡ ಎನ್ನಬೇಡಿ. ಮೂರು ವರ್ಷ ನೀವು ಕೊಟ್ಟಿದ್ದೀರಿ. ಈಗ ತೆಗೆದುಕೊಳ್ಳಿ.